ಹಸಿ ಮೊದಲು, ಒಣ ಆಮೇಲೆ: ಮಕ್ಕಳ ಜೊತೆ ಚಿಟ್ಟೆ ಮಾಡಿದ ಮಧ್ಯಾಹ್ನ

ಮಗಳ ಹುಟ್ಟುಹಬ್ಬದ ಪಾರ್ಟಿಗೆ ಚಿಟ್ಟೆಯೇ ವಿಷಯ ಎಂದು ಮನೆಯಲ್ಲಿ ತೀರ್ಮಾನವಾದಾಗ ವಿಚಾರಗಳಿಗೇನೂ ಬರವಿರಲಿಲ್ಲ. ಮುಖವಾಡ, ಬೆನ್ನಿಗೆ ಕಟ್ಟುವ ರೆಕ್ಕೆ, ಕಾಗದದ ಮಾಲೆ, ಅಂಗೈ ಅಚ್ಚಿನ ಚಿಟ್ಟೆ, ಬಟ್ಟೆ ಕ್ಲಿಪ್ಪಿನ ಚಿಟ್ಟೆ, ಕಿಟಕಿಗೆ ಅಂಟಿಸುವ ಚಿಟ್ಟೆ; ಮೊಬೈಲ್ ತೆರೆದರೆ ಮುಗಿಯದಷ್ಟು. ಆ ಚಿತ್ರಗಳಲ್ಲಿ ಎಲ್ಲವೂ ಅಚ್ಚುಕಟ್ಟು. ಅವನ್ನು ಮಾಡಿದವರು ಮಕ್ಕಳಲ್ಲ ಎಂಬುದು ಕತ್ತರಿಸಿದ ಅಂಚು ನೋಡಿದರೇ ತಿಳಿಯುತ್ತದೆ. ನಮ್ಮಲ್ಲಿಗೆ ಬರಲಿದ್ದವರು ಐದರಿಂದ ಎಂಟು ವರ್ಷದ, ಒಂದು ಡಜನ್‌ಗಿಂತ ತುಸು ಹೆಚ್ಚು ಮಕ್ಕಳು. ಐದು ವರ್ಷದ ಮಗುವಿಗೆ ಕತ್ತರಿಯನ್ನು ನೇರ ಗೆರೆಯ ಮೇಲೆ ಓಡಿಸುವುದೇ ಸಾಹಸ. ಎಂಟು ವರ್ಷದ ಮಗುವಿಗೆ ನೇರ ಗೆರೆ ಕೊಟ್ಟರೆ ಅವಮಾನ.

ಪಟ್ಟಿ ಹಿಡಿದು ಒಂದೊಂದನ್ನೂ ಮಗಳ ಜೊತೆ ಕೂತು ಮಾಡಿ ನೋಡಿದೆ. ಯಾವುದು ಎಷ್ಟು ಕಷ್ಟ, ಯಾವುದಕ್ಕೆ ಎಷ್ಟು ಸಾಮಾನು ಬೇಕು ಎಂದು ಬರೆದುಕೊಳ್ಳುವುದು ಉದ್ದೇಶವಾಗಿತ್ತು. ಆದರೆ ಬರೆಯುತ್ತಾ ಹೋದಂತೆ ಪುಟದ ತುಂಬ ಮತ್ತೆ ಮತ್ತೆ ಬಂದದ್ದು ಬೇರೆಯೇ ಒಂದು ಟಿಪ್ಪಣಿ: ಒಣಗಲು ಎಷ್ಟು ಹೊತ್ತು? ಬಿಳಿ ಗೋಂದು ಹಚ್ಚಿದ ರಟ್ಟು ಎರಡು ನಿಮಿಷದಲ್ಲಿ ಹಿಡಿದಂತೆ ಕಂಡರೂ ಎತ್ತಿದ ಕೂಡಲೇ ಜಾರುತ್ತದೆ. ದಪ್ಪಗೆ ಬಿದ್ದ ಪೋಸ್ಟರ್ ಬಣ್ಣಕ್ಕೆ ಅರ್ಧ ಗಂಟೆಯಾದರೂ ಬೇಕು. ಮೋಡ ಕವಿದ ದಿನವಾದರೆ ಇನ್ನೂ ಹೆಚ್ಚು. ಆ ಅರ್ಧ ಗಂಟೆಯಲ್ಲಿ ಆರು ವರ್ಷದ ಮಗು ಏನು ಮಾಡಬೇಕು ಎಂದು ನಾವು ಮೊದಲೇ ಯೋಚಿಸದಿದ್ದರೆ ಮಗು ತಾನೇ ಯೋಚಿಸಿ ಆ ಬಣ್ಣದೊಳಗೆ ಬೆರಳಿಡುತ್ತದೆ. ಹಾಗಾಗಿ ಸುಲಭ, ಕಷ್ಟ ಎಂಬ ವಿಂಗಡಣೆಯನ್ನು ಬಿಟ್ಟು ಹಸಿ, ಒಣ ಎಂದು ವಿಂಗಡಿಸಿದೆ. ಅತಿ ಹಸಿಯಾದದ್ದು ಎಲ್ಲಕ್ಕಿಂತ ಮೊದಲು. ಅದು ಒಣಗುವ ಹೊತ್ತಿನಲ್ಲಿ ನೀರು, ಅಂಟು, ಬಣ್ಣ ಯಾವುದೂ ಬೇಡದ ಕೆಲಸ. ಜೋಡಣೆ ಕೊನೆಗೆ. ಇಡೀ ಮಧ್ಯಾಹ್ನ ನಿಂತದ್ದು ಈ ಒಂದು ಲೆಕ್ಕಾಚಾರದ ಮೇಲೆ.

ಕೆಲವನ್ನು ಯೋಚಿಸದೆಯೇ ಹೊಡೆದು ಹಾಕಿದೆ. ಬಿಸಿ ಅಂಟಿನ ಗನ್ ಬೇಕಾದ ಯಾವುದೂ ಬೇಡ. ಅದರಲ್ಲಿ ಕೆಲಸ ಮಾಡುವವರು ದೊಡ್ಡವರು, ಮಕ್ಕಳು ಸರದಿಯಲ್ಲಿ ನಿಲ್ಲುವವರು. ಅಂಗಡಿಯಲ್ಲಿ ಸಿಗುವ ಸಿದ್ಧ ಕಿಟ್‌ಗಳೂ ಬೇಡ. ಎಲ್ಲ ಭಾಗಗಳೂ ಕತ್ತರಿಸಿಯೇ ಬರುತ್ತವೆ, ಸಂಖ್ಯೆ ನೋಡಿ ಅಂಟಿಸಿದರೆ ಎಲ್ಲರ ಚಿಟ್ಟೆಯೂ ಒಂದೇ. ಮಿನುಗುಪುಡಿಯ ವಿಷಯದಲ್ಲಿ ಮಗಳ ಜೊತೆ ಸಣ್ಣ ಜಗಳವೇ ಆಯಿತು. ಅದು ನೆಲದಿಂದ, ಕೂದಲಿನಿಂದ, ಚರಂಡಿಯ ನೀರಿನಿಂದ ಹೋಗುವುದಿಲ್ಲ. ಸೂಕ್ಷ್ಮ ಪ್ಲಾಸ್ಟಿಕ್ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟವು 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನೇ ತಡೆದಿದೆ. ಈ ವಾದವೆಲ್ಲ ಅವಳಿಗೆ ನಾಟಲಿಲ್ಲ. ಹೊಳೆಯುವ ನೀಲಿ ಚಿಟ್ಟೆ ಬೇಕೇ ಬೇಕು ಎಂದಳು. ಮಾರ್ಫೋ ಚಿಟ್ಟೆಯ ಆ ಹೊಳಪು ನೀಲಿಯಲ್ಲಿ ನೀಲಿ ಬಣ್ಣದ್ರವ್ಯವೇ ಇಲ್ಲ, ರೆಕ್ಕೆಯ ಪುಟ್ಟ ಹುರುಪೆಗಳ ಮೇಲಿನ ಅತಿ ಸೂಕ್ಷ್ಮ ಏಣುಗಳು ಬೆಳಕನ್ನು ಹಾಗೆ ತಿರುಗಿಸಿ ಕಳಿಸುತ್ತವೆ ಎಂದು ಹೇಳಿದೆ. ಆಗ ಮಾತ್ರ ತುಸು ಕುತೂಹಲ ಬಂತು. ಹೊಳೆಯುವ ಉಡುಗೊರೆ ಕಾಗದದ ಚೂರುಗಳಲ್ಲಿ ರಾಜಿಯಾಯಿತು.

ಹಿಂದಿನ ರಾತ್ರಿಯ ತಯಾರಿಯಲ್ಲಿ ಹೆಚ್ಚು ಹೊತ್ತು ತಿಂದದ್ದು ಕಾಗದ. ಚಿಟ್ಟೆಯನ್ನು ಕತ್ತರಿಸಲು ಹಾಳೆಯನ್ನು ಎರಡಾಗಿ ಮಡಿಸಿ, ಅರ್ಧ ಚಿಟ್ಟೆಯ ಗೆರೆ ಎಳೆದು, ಆ ಗೆರೆಯ ಮೇಲೆ ಕತ್ತರಿಸಿ ಬಿಚ್ಚಬೇಕು. ಕೇಳಲು ಸರಳ. ಆದರೆ ಸಣ್ಣ ಮಕ್ಕಳು ಮಡಿಕೆಯ ಬದಿಯನ್ನು ಬಿಟ್ಟು ತೆರೆದ ಬದಿಯಲ್ಲಿ ಮೈ ಬರೆದುಬಿಡುತ್ತಾರೆ. ಕತ್ತರಿಸಿದರೆ ಕೈಗೆ ಎರಡು ಅರ್ಧ ಚಿಟ್ಟೆಗಳು ಬರುತ್ತವೆ, ಕಣ್ಣಲ್ಲಿ ನೀರು ಬರುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ, ಪ್ರತಿ ಹಾಳೆಯನ್ನೂ ಮಡಿಸಿಟ್ಟು ಮಡಿಕೆಯ ಅಂಚಿಗೆ ಪೆನ್ಸಿಲಿನಲ್ಲಿ ಒಂದು ಕಂಬಳಿಹುಳುವನ್ನು ಬರೆಯುವುದು. ಹುಳು ಮಲಗಿರುವ ಕಡೆ ಕತ್ತರಿ ಹಾಕುವಂತಿಲ್ಲ, ಅದಕ್ಕೆ ನೋವಾಗುತ್ತದೆ. ನಿಯಮವಾಗಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹುಳುವಿಗೆ ನೋವಾಗುತ್ತದೆ ಎಂದರೆ ಎಲ್ಲರೂ ಕೇಳುತ್ತಾರೆ.

ಹಾಳೆಗೂ ಒಂದು ಎಳೆಯ ದಿಕ್ಕು ಇರುತ್ತದೆ. ಎರಡೂ ಕಡೆಗೆ ಮೆತ್ತಗೆ ಬಾಗಿಸಿ ನೋಡಿದರೆ ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಬಿಗಿಯುತ್ತದೆ. ಸಲೀಸಾಗಿ ಬಾಗುವ ದಿಕ್ಕಿಗೆ ಮಡಿಸಿದರೆ ಮಡಿಕೆ ಚೊಕ್ಕವಾಗಿ ಬರುತ್ತದೆ. ಉಲ್ಟಾ ಮಡಿಸಿದರೆ ದಪ್ಪ ಹಾಳೆ ಮಡಿಕೆಯುದ್ದಕ್ಕೂ ಬಿರಿಯುತ್ತದೆ. ಬಣ್ಣ ಒತ್ತುವ ಕೆಲಸಕ್ಕೆ ಚದರ ಮೀಟರಿಗೆ 160ರಿಂದ 200 ಗ್ರಾಂ ತೂಗುವ ಡ್ರಾಯಿಂಗ್ ಹಾಳೆ ಬೇಕು. ತೆಳು ಹಾಳೆ ನೀರು ಕುಡಿದು ಸುಕ್ಕಾಗುತ್ತದೆ. ಮೊಂಡು ತುದಿಯ ಕತ್ತರಿಗಳ ಜೊತೆ ಎಡಗೈಯವರ ಕತ್ತರಿಯನ್ನೂ ತೆಗೆದಿಟ್ಟೆ. ಬಲಗೈಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನು ಮರೆಮಾಡುತ್ತದೆ, ಬೆರಳಿನ ಒತ್ತಡಕ್ಕೆ ಅಲಗುಗಳು ಒಂದರಿಂದೊಂದು ದೂರ ಸರಿಯುತ್ತವೆ, ಕಾಗದ ಕತ್ತರಿಸುವ ಬದಲು ನಡುವೆ ಮಡಚಿಕೊಳ್ಳುತ್ತದೆ. ಕೈ ಒರಟು ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳ ಕೈಯಲ್ಲಿರುವುದು ತಪ್ಪು ಕತ್ತರಿ ಅಷ್ಟೇ.

ಮಕ್ಕಳು ಬಂದ ಕೂಡಲೇ ಮಾಡಿಸಿದ್ದು ಸೋಸುಕಾಗದದ ಚಿಟ್ಟೆ. ಕಾಫಿ ಸೋಸಲು ಬಳಸುವ ದುಂಡನೆಯ ಬಿಳಿ ಕಾಗದ ಅದಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲು ಅಂಚಿನಲ್ಲಿ ಪೆನ್ಸಿಲಿನಿಂದ ಹೆಸರು ಬರೆಸಿದೆ. ಪೆನ್ಸಿಲಿನ ಗೆರೆ ನೀರಿಗೆ ಹರಡುವುದಿಲ್ಲ. ಆಮೇಲೆ ನೀರಿಗೆ ಕರಗುವ ಸ್ಕೆಚ್ ಪೆನ್ನುಗಳಲ್ಲಿ ಚುಕ್ಕೆ, ಗೆರೆ, ಬಳೆ, ಅವರವರಿಗೆ ತೋಚಿದ್ದು. ಕರಗದ ಶಾಯಿಯ ಮಾರ್ಕರ್ ಒಂದೂ ಮೇಜಿನ ಮೇಲೆ ಇರಬಾರದು, ಅದರ ಗೆರೆ ನೀರು ಬಿದ್ದರೂ ಕದಲದೆ ಹಾಗೇ ಉಳಿಯುತ್ತದೆ. ಬಣ್ಣ ಕಾಗದದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆವರಿಸದಿದ್ದರೆ ಒಳ್ಳೆಯದು. ಪೂರ್ತಿ ತುಂಬಿಸಿದ ಮಕ್ಕಳಿಗೆ ಕೊನೆಗೆ ಸಿಕ್ಕಿದ್ದು ಕಂದು ಕೆಸರು. ಅದರಲ್ಲಿ ಒಬ್ಬ ಹುಡುಗ ಒಣ ಎಲೆಯಂತೆ ಕಾಣುವ ಚಿಟ್ಟೆಗಳೂ ಇವೆ ಎಂದು ನನಗೇ ಪಾಠ ಹೇಳಿ ತನ್ನದನ್ನು ಸಮರ್ಥಿಸಿಕೊಂಡ. ಅವನು ಹೇಳಿದ್ದು ನಿಜ.

ನೀರು ಹಾಕುವ ಘಳಿಗೆಯನ್ನು ಅವಸರ ಮಾಡದೆ ನೋಡಬೇಕು. ಡ್ರಾಪರಿನಲ್ಲಿ ನಡುವಿಗೆ ಒಂದು ಹನಿ. ಹನಿ ಕ್ಷಣಕಾಲ ಗುಂಡಗೆ ನಿಂತಿದ್ದು ಆಮೇಲೆ ಕಾಗದದೊಳಗೆ ಇಳಿಯುತ್ತದೆ, ಒದ್ದೆಯ ವೃತ್ತ ಹೊರಕ್ಕೆ ತೆವಳುತ್ತದೆ. ಗೆರೆಯನ್ನು ಮುಟ್ಟಿದ ಕೂಡಲೇ ಗೆರೆ ಕರಗಿ ಆ ನೀರಿನ ಅಂಚಿನ ಜೊತೆಗೇ ಪಯಣ ಹೊರಡುತ್ತದೆ. ಕಪ್ಪು ಗೆರೆ ಎಳೆದಿದ್ದ ಒಬ್ಬಳ ಕಾಗದದಲ್ಲಿ ಕಪ್ಪು ಮೊದಲು ಮಂಕಾಗಿ, ಆಮೇಲೆ ಅದರೊಳಗಿಂದ ನೇರಳೆ ಒಡೆದು, ಅದನ್ನೂ ಹಿಂದಿಕ್ಕಿ ತಿಳಿನೀಲಿ ಹೊರಗೆ ಓಡಿತು. ನನ್ನ ಪೆನ್ನು ಸುಳ್ಳು ಹೇಳಿದೆ ಎಂದು ಅವಳು ಕೂಗಿದಳು. ಎಲ್ಲರೂ ತಮ್ಮ ಕಾಗದ ಬಿಟ್ಟು ಅವಳ ಸುತ್ತ ಸೇರಿದರು. ಕಪ್ಪು ಶಾಯಿ ಹಲವು ಬಣ್ಣಗಳ ಬೆರಕೆ. ಕೆಲವು ಕಾಗದದ ನಾರಿಗೆ ಬೇಗ ಅಂಟಿಕೊಂಡು ಹಿಂದೆ ಉಳಿಯುತ್ತವೆ, ಕೆಲವು ನೀರಿನ ಜೊತೆ ದೂರ ಹೋಗುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಖಾಯಿಲ್ ತ್ಸ್ವೆಟ್ ಎಂಬ ಸಸ್ಯವಿಜ್ಞಾನಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ್ದು ಇದೇ ತತ್ತ್ವದ ಮೇಲೆ, ಕಾಗದದ ಬದಲು ಸೀಮೆಸುಣ್ಣದ ಪುಡಿ ತುಂಬಿದ ನಳಿಕೆಯಲ್ಲಿ. ಅಷ್ಟನ್ನೂ ಮಕ್ಕಳಿಗೆ ಹೇಳಲಿಲ್ಲ. ಆ ಹೊತ್ತಿಗೆ ಎಲ್ಲರಿಗೂ ಕಪ್ಪು ಪೆನ್ನೇ ಬೇಕಾಗಿತ್ತು, ಎಳೆದಾಟ ಬಿಡಿಸುವುದೇ ನನ್ನ ಕೆಲಸವಾಗಿತ್ತು.

ಒದ್ದೆ ಕಾಗದಗಳನ್ನು ಬೇರೊಬ್ಬರು ಎತ್ತಿ ತಂತಿಯ ಜಾಲರಿಯ ಮೇಲೆ ಹರಡಿದರು. ತಟ್ಟೆಯಲ್ಲೇ ಬಿಟ್ಟರೆ ಕೆಳಗೆ ನಿಂತ ನೀರಿನಲ್ಲಿ ಬಣ್ಣವೆಲ್ಲ ಬೆರೆತುಹೋಗುತ್ತದೆ, ಒಣಗುವುದೂ ನಿಧಾನ.

ಮುಂದಿನದು ಮಡಿಸಿ ಒತ್ತುವ ಬಣ್ಣ. ಇದೂ ಹಸಿಯೇ, ಆದ್ದರಿಂದ ಎರಡನೆಯದು. ಕಂಬಳಿಹುಳುವಿನ ಹಾಳೆ ಬಿಚ್ಚಿ, ಒಂದೇ ಅರ್ಧಕ್ಕೆ ಚಮಚೆಯಲ್ಲಿ ಬಣ್ಣದ ಹನಿಗಳು, ಮಡಿಕೆಯ ಹತ್ತಿರ ಒಂದೆರಡು. ಮಡಿಸಿ, ಮಡಿಕೆಯಿಂದ ಹೊರಕ್ಕೆ ಅಂಗೈ ಸವರಬೇಕು. ಹೊರಗಿನಿಂದ ಒಳಕ್ಕೆ ಸವರಿದರೆ ಬಣ್ಣವೆಲ್ಲ ನಡುವಿಗೆ ನುಗ್ಗಿ ಹೊಟ್ಟೆ ಬಂದ ಚಿಟ್ಟೆಯಾಗುತ್ತದೆ. ಆಮೇಲೆ ತಡಮಾಡದೆ ಬಿಚ್ಚಬೇಕು, ಇಲ್ಲವೆಂದರೆ ಎರಡು ಮಗ್ಗುಲೂ ಅಂಟಿಕೊಳ್ಳುತ್ತವೆ. ಬಿಚ್ಚುವಾಗ ಬರುವ ಆ ಚರಕ್ ಎಂಬ ಸದ್ದಿಗಾಗಿಯೇ ಕೆಲವರು ಮೂರು ಮೂರು ಹಾಳೆ ಕೇಳಿದರು. ಒಳಗೆ ಏನು ಬಂದಿದೆ ಎಂಬುದು ಕೈ ಬಿಚ್ಚುವ ತನಕ ಯಾರಿಗೂ ಗೊತ್ತಿಲ್ಲ, ದೊಡ್ಡವರಿಗೂ ಗೊತ್ತಿಲ್ಲ. ಈ ಕೆಲಸವನ್ನು ನಾನು ಮೆಚ್ಚುವುದು ಅದಕ್ಕೆ. ಐದು ವರ್ಷದವರದಕ್ಕೂ ಎಂಟು ವರ್ಷದವರದಕ್ಕೂ ಅಂದದಲ್ಲಿ ವ್ಯತ್ಯಾಸವಿರುವುದಿಲ್ಲ.

ಒಬ್ಬಳು ಮಾತ್ರ ತನ್ನದು ಚಿಟ್ಟೆಯಲ್ಲ ಬಾವಲಿ ಎಂದು ಮುಖ ಸಣ್ಣ ಮಾಡಿಕೊಂಡಳು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಇಂಥವೇ ಹತ್ತು ಶಾಯಿಕಲೆಗಳನ್ನು ಪ್ರಕಟಿಸಿದ, ಅವುಗಳಲ್ಲಿ ಐದನೆಯದನ್ನು ನೋಡಿದವರಲ್ಲಿ ಹೆಚ್ಚಿನವರು ಬಾವಲಿ ಅಥವಾ ಚಿಟ್ಟೆ ಎನ್ನುತ್ತಾರೆ. ಹಾಗಾಗಿ ಅವಳ ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ಬಾವಲಿಗೆ ಎರಡು ರೆಕ್ಕೆ, ಚಿಟ್ಟೆಗೆ ನಾಲ್ಕು, ಮುಂದೆ ಒಂದು ಜೋಡಿ, ಹಿಂದೆ ಒಂದು ಜೋಡಿ ಎಂದೆ. ಒಣಗಿದ ಮೇಲೆ ಕತ್ತರಿಸುವಾಗ ಬದಿಯಲ್ಲಿ ಒಂದು ಕಚ್ಚು ಹಾಕಿದರೆ ನಾಲ್ಕು ರೆಕ್ಕೆಯಾಗುತ್ತದೆ ಎಂದು ಅವಳೇ ಹೇಳಿದಳು. ಆಮೇಲೆ ಯಾಕೋ ಮನಸ್ಸು ಬದಲಿಸಿ ಬಾವಲಿಯಾಗಿಯೇ ಉಳಿಸಿಕೊಂಡಳು.

ಈಗ ಬಂತು ಕಾಯುವ ಹೊತ್ತು. ಮುಟ್ಟಬೇಡಿ ಎಂದರೆ ಮುಟ್ಟುತ್ತಾರೆ. ಅದಕ್ಕೆ ಕಥೆ ಬೇಕು. ಕೋಶದಿಂದ ಹೊರಬಂದ ಚಿಟ್ಟೆಯ ರೆಕ್ಕೆ ಮುದುರಿದ ಒದ್ದೆ ಬಟ್ಟೆಯಂತಿರುತ್ತದೆ ಎಂದು ಹೇಳಿದೆ. ಅದು ಖಾಲಿ ಕೋಶಕ್ಕೆ ಜೋತುಬಿದ್ದು ಮೈಯೊಳಗಿನ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತುತ್ತದೆ, ರೆಕ್ಕೆ ಬಿಚ್ಚಿಕೊಳ್ಳುತ್ತದೆ, ಗಟ್ಟಿಯಾಗಲು ಗಂಟೆ, ಎರಡು ಗಂಟೆ ಬೇಕು. ಆ ಹೊತ್ತಿನಲ್ಲಿ ಯಾರಾದರೂ ಮುಟ್ಟಿ ಮುದುರಿದರೆ ಸೊಟ್ಟಗೇ ಒಣಗುತ್ತದೆ, ಮುಂದೆ ಹಾರಲು ಆಗುವುದಿಲ್ಲ. ಎರಡು ಸೀಳಾಗಿರುವ ಹೀರುಕೊಳವೆಯನ್ನು ಅದು ಅದೇ ಹೊತ್ತಿನಲ್ಲಿ ಒಂದಾಗಿ ಹೆಣೆದುಕೊಳ್ಳುತ್ತದೆ. ಸುಮ್ಮನೆ ಕಾಯುವುದಿಲ್ಲ, ಕೆಲಸ ಮಾಡುತ್ತಾ ಕಾಯುತ್ತದೆ. ನಮ್ಮ ಜಾಲರಿಯ ಹತ್ತಿರ ಆಮೇಲೆ ಒಬ್ಬಳು ಕಾವಲು ನಿಂತಳು, ನಾನು ಹತ್ತಿರ ಹೋದರೂ ಬಿಡಲಿಲ್ಲ.

ಆ ಬಿಡುವಿಗೆ ಇಟ್ಟುಕೊಂಡಿದ್ದ ಒಣ ಕೆಲಸವೇ ಇಡೀ ಮಧ್ಯಾಹ್ನದ ಗೆಲುವು: ಬೆರಳ ತುದಿಯ ಮೇಲೆ ನಿಲ್ಲುವ ಚಿಟ್ಟೆ. ಗಟ್ಟಿ ಕಾಗದದಲ್ಲಿ ಚಿಟ್ಟೆ ಕತ್ತರಿಸಬೇಕು, ಆದರೆ ಮುಂದಿನ ರೆಕ್ಕೆಗಳ ತುದಿ ತಲೆಗಿಂತ ಮುಂದಕ್ಕೆ ಚಾಚಿರಬೇಕು. ಆ ತುದಿಗಳಿಗೆ ಒಂದೊಂದು ಪೇಪರ್ ಕ್ಲಿಪ್. ರೆಕ್ಕೆಗಳನ್ನು ತುಸು ಕೆಳಕ್ಕೆ ಬಾಗಿಸಿ, ಮೂಗನ್ನು ಬೆರಳ ತುದಿಯ ಮೇಲೆ ಇಟ್ಟು ಕೈಬಿಟ್ಟರೆ, ಇಡೀ ಮೈ ಗಾಳಿಯಲ್ಲಿ, ಚಿಟ್ಟೆ ಬೀಳುವುದಿಲ್ಲ. ಕ್ಲಿಪ್ಪುಗಳ ಭಾರದಿಂದ ಗುರುತ್ವ ಕೇಂದ್ರ ಮೂಗಿನ ನೇರಕ್ಕೆ, ಅದಕ್ಕಿಂತ ಕೆಳಗೆ ಬಂದು ಕೂರುತ್ತದೆ; ಅಲುಗಾಡಿಸಿದರೂ ತೂಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ನಾನು ಮಾಡಿ ತೋರಿಸಿದ್ದು ಅಷ್ಟೇ, ಕ್ಲಿಪ್ ಎಲ್ಲಿ ಸಿಕ್ಕಿಸಬೇಕೆಂದು ಹೇಳಲಿಲ್ಲ. ಕೋಣೆ ಆವರೆಗೆ ಕಾಣದಷ್ಟು ನಿಶ್ಶಬ್ದವಾಯಿತು. ಬಾಲ ಕೆಳಗೆ ಬೀಳುತ್ತದೆಯೇ, ಕ್ಲಿಪ್ಪನ್ನು ಮುಂದಕ್ಕೆ ತಳ್ಳಬೇಕು ಅಥವಾ ಹಿಂದಿನ ರೆಕ್ಕೆಯನ್ನು ಸವರಬೇಕು. ಬಲಕ್ಕೆ ವಾಲುತ್ತದೆಯೇ, ಎಡ ಕ್ಲಿಪ್ಪನ್ನು ಹೊರಕ್ಕೆ. ತಲೆ ಮುಗ್ಗರಿಸುತ್ತದೆಯೇ, ಎರಡನ್ನೂ ಹಿಂದಕ್ಕೆ. ಐದು ವರ್ಷದ ಒಬ್ಬ ಪೋರ ನಾಲಗೆ ಹೊರಗೆ ಚಾಚಿಕೊಂಡು ಕ್ಲಿಪ್ಪನ್ನು ಕೂದಲೆಳೆಯಷ್ಟು ಸರಿಸಿ, ಬೆರಳಿಗಿಟ್ಟು, ಬೀಳಿಸಿ, ಎತ್ತಿಕೊಂಡು, ಮತ್ತೆ ಸರಿಸಿ, ಕೊನೆಗೆ ಅದು ನಿಂತಾಗ ಯಾರನ್ನೂ ಕರೆಯಲಿಲ್ಲ. ಉಸಿರು ಬಿಟ್ಟರೆ ಬಿದ್ದೀತೆಂದು ಉಸಿರನ್ನೂ ಬಿಡಲಿಲ್ಲ. ಎಂಟು ವರ್ಷದವರು ಆ ಹೊತ್ತಿಗೆ ಮೂಗಿನ ಮೇಲೆ, ಪೆನ್ಸಿಲಿನ ಮೊನೆಯ ಮೇಲೆ, ಒಬ್ಬರ ಚಿಟ್ಟೆಯ ಬೆನ್ನಿನ ಮೇಲೆ ಇನ್ನೊಬ್ಬರ ಚಿಟ್ಟೆ ನಿಲ್ಲಿಸುವ ಪಂದ್ಯಕ್ಕೆ ಇಳಿದಿದ್ದರು. ಗೋಂದಿಲ್ಲ, ಬಣ್ಣವಿಲ್ಲ, ಒಣಗಬೇಕಾದದ್ದು ಏನೂ ಇಲ್ಲ. ಪಾರ್ಟಿಗೆ ಒಂದೇ ಕೈಗೆಲಸ ಮಾಡಿಸಲು ಸಮಯವಿದ್ದರೆ ಇದನ್ನು ಮಾಡಿಸಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

ಬೆನ್ನಿಗೆ ಕಟ್ಟುವ ರಟ್ಟಿನ ರೆಕ್ಕೆಯ ಬಗ್ಗೆ ನನಗೆ ಅಷ್ಟು ಉತ್ಸಾಹವಿರಲಿಲ್ಲ, ಈಗಲೂ ಇಲ್ಲ. ಕತ್ತರಿಸುವುದೆಲ್ಲ ದೊಡ್ಡವರದೇ. ಹಾಕಿಕೊಂಡ ಮೇಲೆ ಮಗು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ, ಕುರ್ಚಿಯಲ್ಲಿ ಕೂರಲಾರದು. ಆದರೂ ಮಗಳ ಒತ್ತಾಯಕ್ಕೆ ಮಾಡಿದೆವು, ಭುಜದಗಲವನ್ನು ಹೆಚ್ಚು ಮೀರದಂತೆ. ಎಲಾಸ್ಟಿಕ್ಕನ್ನು ಶಾಲೆಯ ಚೀಲದ ಪಟ್ಟಿಯಂತೆ ಎರಡು ತೋಳಿಗೂ ಹಾಕಿದೆವು. ಕುತ್ತಿಗೆಗೆ ದಾರ ಕಟ್ಟುವ ಮಾದರಿಗಳನ್ನು ಮಕ್ಕಳ ಓಡಾಟದಲ್ಲಿ ಯಾರೂ ಬಳಸಬಾರದು. ಅಲಂಕಾರಕ್ಕೆ ಹೊಳೆಯುವ ಕಾಗದದ ಚೂರು ಮತ್ತು ಅಂಟುಕಡ್ಡಿ. ಅಂಟುಕಡ್ಡಿ ಬೇಗ ಹಿಡಿಯುತ್ತದೆ, ಸೋರುವುದಿಲ್ಲ. ಒಂದು ಕಡೆ ಅಂಟಿಸಿದ್ದನ್ನೇ ಇನ್ನೊಂದು ಕಡೆಯೂ ಅಂಟಿಸಬೇಕೆಂದು ಕೆಲವರು ಹಟ ಹಿಡಿದು ಎಣಿಸಿ ಎಣಿಸಿ ಅಂಟಿಸಿದರು. ಮಿಕ್ಕವರಿಗೆ ಸಮ್ಮಿತಿಯ ಗೊಡವೆಯೇ ಇರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ತಲೆಪಟ್ಟಿಗೆ ಮೀಸೆ ಸಿಕ್ಕಿಸುವುದು ಐದು ನಿಮಿಷದ ಕೆಲಸ. ರೋಮದ ತಂತಿಯ (ಪೈಪ್ ಕ್ಲೀನರ್) ತುದಿಯನ್ನು ಸುತ್ತಿ ಉಂಡೆ ಮಾಡಿದರೆ ಚಿಟ್ಟೆ, ಏಕೆಂದರೆ ಚಿಟ್ಟೆಯ ಮೀಸೆಯ ತುದಿ ಗದೆಯಂತೆ ದಪ್ಪಗಿರುತ್ತದೆ. ಪತಂಗದ ಮೀಸೆಗೆ ಸಾಮಾನ್ಯವಾಗಿ ಅಂಥ ಗದೆ ಇರುವುದಿಲ್ಲ, ಎಷ್ಟೋ ಪತಂಗಗಳಲ್ಲಿ ಅದು ಗರಿಯಂತೆ. ಇದನ್ನು ಹೇಳಿದ್ದೇ ತಡ, ಬಾವಲಿಯವಳು ತನಗೆ ಪತಂಗದ ಮೀಸೆ ಬೇಕೆಂದಳು. ತಂತಿಯ ಚೂಪು ತುದಿ ಹೊರಗೆ ಇಣುಕದಂತೆ ಒಳಕ್ಕೆ ಮಡಚುವುದೊಂದನ್ನು ದೊಡ್ಡವರೇ ನೋಡಿಕೊಳ್ಳಬೇಕು.

ಮೊಟ್ಟೆ ಟ್ರೇಯ ಕಂಬಳಿಹುಳು, ಕಾಗದದ ತಟ್ಟೆಯ ಮೇಲೆ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ನಾಲ್ಕು ಭಾಗ ಮಾಡಿ ಅಂಟಿಸುವ ಜೀವನಚಕ್ರ, ಇವೆರಡನ್ನೂ ಬಿಟ್ಟುಬಿಟ್ಟಿದ್ದೆ. ಮೊದಲನೆಯದು ಬಣ್ಣ ಒಣಗಲು ರಾತ್ರಿಯಿಡೀ ಬೇಡುತ್ತದೆ. ಎರಡನೆಯದು ತರಗತಿಗೆ ಚೆನ್ನ, ಪಾರ್ಟಿಯಲ್ಲಿ ಮನೆಪಾಠದ ವಾಸನೆ ಹೊಡೆಯುತ್ತದೆ.

ಅಷ್ಟರಲ್ಲಿ ಸೋಸುಕಾಗದ ಒಣಗಿತ್ತು. ಬಟ್ಟೆ ಕ್ಲಿಪ್ಪೇ ಮೈ. ಎರಡು ಕಾಗದಗಳನ್ನು ಬೀಸಣಿಗೆಯ ಮಡಿಕೆಯಲ್ಲಿ ಒಟ್ಟುಗೂಡಿಸಿ, ಕ್ಲಿಪ್ಪಿನ ಬಾಯಿಗೆ ಕೊಟ್ಟು, ಎರಡೂ ಬದಿಯಲ್ಲಿ ಬಿಡಿಸಿದರೆ ಮೇಲೊಂದು ಜೋಡಿ, ಕೆಳಗೊಂದು ಜೋಡಿ ರೆಕ್ಕೆ. ಇಲ್ಲಿ ಚಿಕ್ಕ ಮಕ್ಕಳ ಬೆರಳಿಗೆ ಕ್ಲಿಪ್ಪಿನ ಸ್ಪ್ರಿಂಗ್ ಬಿಗಿಯಾಯಿತು. ದೊಡ್ಡ ಮಕ್ಕಳು ಕ್ಲಿಪ್ ಒತ್ತಿ ಹಿಡಿದರು, ಚಿಕ್ಕವರು ಕಾಗದ ತೂರಿಸಿದರು. ಒಂದೇ ವಿಷಯಕ್ಕೆ ವಾಗ್ವಾದ: ಎರಡು ಕಾಗದ ಒಂದೇ ಮಗುವಿನದಾಗಬೇಕೇ, ಅದಲುಬದಲು ಮಾಡಿಕೊಳ್ಳಬಹುದೇ? ಅಂಚಿನ ಹೆಸರುಗಳನ್ನು ಓದಿ ಅವರವರೇ ವ್ಯಾಪಾರ ಕುದುರಿಸಿಕೊಂಡರು. ಕಂದು ಕೆಸರಿನ ಕಾಗದಕ್ಕೆ ಬೇಡಿಕೆ ಬಂದದ್ದು ನನಗೂ ಅಚ್ಚರಿ.

ಕಳಿಸುವಾಗ ಒತ್ತಿದ ಬಣ್ಣದ ಹಾಳೆಗಳು ಇನ್ನೂ ಅಲ್ಲಲ್ಲಿ ತೇವವಾಗಿದ್ದವು. ಒಂದರ ಮೇಲೊಂದು ಇಟ್ಟರೆ ಕೆಟ್ಟವು ಎಂದು ನಡುವೆ ಎಣ್ಣೆಕಾಗದ ಹಾಕಿ ಸಡಿಲವಾಗಿ ಸುತ್ತಿ ಕೊಟ್ಟೆ. ಕ್ಲಿಪ್ ಚಿಟ್ಟೆಗಳು ಅಂಗಿಯ ಕಾಲರಿಗೆ ಕಚ್ಚಿಕೊಂಡೇ ಹೊರಟವು. ಬೆರಳ ಮೇಲಿನ ಚಿಟ್ಟೆಯ ಕ್ಲಿಪ್ಪು ಚೀಲದಲ್ಲಿ ಸರಿಯದಂತೆ ಅಂಟುಪಟ್ಟಿ ಹಾಕೋಣವೇ ಎಂದು ಕೇಳಿದರೆ ಯಾರೂ ಒಪ್ಪಲಿಲ್ಲ.

ಸಂಜೆ ಒಬ್ಬ ಹುಡುಗನ ತಂದೆ ಫೋನ್ ಮಾಡಿದರು. ಮನೆಗೆ ಬಂದ ಮೇಲೆ ಚಿಟ್ಟೆ ನಿಲ್ಲುತ್ತಿಲ್ಲ, ಬಾಲ ಕೆಳಗೆ ಬೀಳುತ್ತಿದೆ, ಏನು ಮಾಡಬೇಕು ಎಂದು ಕೇಳಿದರು. ಕ್ಲಿಪ್ ಎರಡನ್ನೂ ತುಸು ಮುಂದಕ್ಕೆ ಸರಿಸಲು ಹೇಳುವಷ್ಟರಲ್ಲಿ ಹಿಂದಿನಿಂದ ಹುಡುಗನ ದನಿ ಕೇಳಿಸಿತು: ಅದು ನನಗೆ ಗೊತ್ತು, ಅಪ್ಪ ನನ್ನ ಕೈಗೆ ಕೊಡುತ್ತಲೇ ಇಲ್ಲ.